ಮುನಿಯಮ್ಮನ ದನಿ ಇಡಲು ಒಂದು ಪೆಟ್ಟಿಗೆ

ಕಂಪ್ಯೂಟರ್ ರಿಪೇರಿ ಕಲಿಯುವ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ಊರಿಗಾಂನ ನಮ್ಮ ಮನೆಗೆ ಬರುತ್ತಾರೆ. ಯಾವ ಹಾರ್ಡ್ ಡಿಸ್ಕ್ ಒಳ್ಳೆಯದು ಸರೋಜಕ್ಕಾ, ಯಾವ ಮದರ್‌ಬೋರ್ಡ್ ಬಾಳಿಕೆ ಬರುತ್ತದೆ ಎಂದು ಕೇಳುತ್ತಾರೆ. ನಾನು ಹೇಳುವ ಹೆಸರು ಅವರ ಕೋರ್ಸ್ ಮುಗಿಯುವಷ್ಟರಲ್ಲಿ ಅಂಗಡಿಗಳಿಂದ ಮಾಯವಾಗಿರುತ್ತದೆ. ಬಾಳಿಕೆ ಬರುವುದು ಬೇರೆ ಏನೋ ಇದೆ, ಆದರೆ ಅದನ್ನು ಒಂದು ಮಾತಿನಲ್ಲಿ ಹೇಳಲು ನನಗೆ ಬಾರದು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕೆಲಸದ ಬದುಕು ಎಂದರೆ ನನಗೆ ಮೊದಲು ನೆನಪಾಗುವುದು ಬೆಳಗಿನ ರೈಲು. ಊರಿಗಾಂನಲ್ಲಿ ಹತ್ತಿ ಕಿಟಕಿಗೆ ತಲೆ ಆನಿಸಿದರೆ ಚಿನ್ನದ ಗಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಎಳೆ ಬಿಸಿಲಿನಲ್ಲಿ ಅವು ಮಣ್ಣು ಅನ್ನಿಸುತ್ತಿರಲಿಲ್ಲ. ಯಾರೋ ದೊಡ್ಡವರು ಕಂಬಳಿ ಹೊದ್ದು ಮಲಗಿದ ಹಾಗಿರುತ್ತಿದ್ದವು. ಈಗ ಮಗ್ಗುಲು ಬದಲಿಸುತ್ತಾರೆ, ಈಗ ಬದಲಿಸುತ್ತಾರೆ ಎಂದು ನೋಡುತ್ತ ಕೂರುತ್ತಿದ್ದೆ. ಬಂಗಾರಪೇಟೆ ಬರುವವರೆಗೆ ಪೂರ್ತಿ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಅಂಗಡಿಯ ಶಟರ್ ಎತ್ತಿ, ಮೊದಲ ಮೆಷಿನ್ನಿನ ಫ್ಯಾನ್ ಗುಂಯ್ ಎಂದು ತಿರುಗತೊಡಗಿದಾಗಲೂ ಆ ಮಂಪರು ಸ್ವಲ್ಪ ಉಳಿದಿರುತ್ತಿತ್ತು. ಈ ಕೆಲಸಕ್ಕೆ ಅದರಿಂದ ನಷ್ಟವಿಲ್ಲ. ಮಂಪರಿನಲ್ಲಿದ್ದವರು ಅವಸರ ಮಾಡುವುದಿಲ್ಲ.

ನನಗೆ ಕೆಲಸ ಕಲಿಸಿದವರು ಸೆಲ್ವಂ ಸಾರ್. ಬಂಗಾರಪೇಟೆ ಸ್ಟೇಷನ್ ಹತ್ತಿರದ ಆ ಅಂಗಡಿ ಅವರದೇ. ಮನೆ ನಮ್ಮ ಗಣಿ ಕಡೆಯ ಕೋರಮಂಡಲ್‌ನಲ್ಲಿ, ಮನೆಮಾತು ತಮಿಳು, ಬಾಗಿಲಲ್ಲಿ ನಿಂತ ಗಿರಾಕಿ ಯಾವ ಭಾಷೆಯವರೋ ಅದೇ ಅವರ ಬಾಯಲ್ಲೂ. ಹೊಸ ಮೆಷಿನ್ ಕಟ್ಟುವ ಮೊದಲು ಅವರು ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಬೋರ್ಡು, ರ್‍ಯಾಮ್, ಡಿಸ್ಕು, ಕರೆಂಟು ಕೊಡುವ ಎಸ್‌ಎಂಪಿಎಸ್ ಎಲ್ಲವನ್ನೂ ಸಾಲಾಗಿ ಇಡುತ್ತಿದ್ದರು. ಇಟ್ಟು, ಸುಮ್ಮನೆ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಸ್ಕ್ರೂಡ್ರೈವರ್‌ಗೆ ಕೈ ಹಾಕಿದರೆ ತಡೆಯುತ್ತಿದ್ದರು.

"ಇರು ಮ್ಮಾ, ಅವಸರ ಬೇಡ. ಒಂದನ್ನೊಂದು ನೋಡ್ಕೊಳ್ಳಲಿ. ಇದು ಪೊಣ್ಣು ಪಾಕ್ಕಿರದು, ಹೆಣ್ಣು ನೋಡೋ ಶಾಸ್ತ್ರ. ಇಬ್ಬರೂ ಚೆನ್ನಾಗಿದ್ರೆ ಸಾಲದು, ಹೊಂದಬೇಕು."

ಅಂಥವರೂ ಒಮ್ಮೆ ಎಡವಿದರು. ಊರಿನ ಫೋಟೊ ಸ್ಟುಡಿಯೊದವರೊಬ್ಬರು ತಮ್ಮ ಚಿತ್ರಗಳನ್ನೆಲ್ಲ ಇಡಲು ಒಂದು ಸರ್ವರ್ ಬೇಕೆಂದಿದ್ದರು. ಸೆಲ್ವಂ ಸಾರ್ ಯಾವುದೋ ದೊಡ್ಡ ಆಫೀಸಿನ ಸರ್ವರ್‌ನಿಂದ ಬಿಚ್ಚಿದ ರ್‍ಯಾಮ್ ತಂದರು. ಹಸಿರು ಹಲಗೆ, ಒಳ್ಳೆಯ ಮಾಲು. ನಮ್ಮ ಬೋರ್ಡಿನ ಸ್ಲಾಟಿನಲ್ಲಿ ಟಿಕ್ಕೆಂದು ಕೂತಿತು. ಆದರೆ ಪರದೆ ಕಪ್ಪಾಗಿಯೇ ಉಳಿಯಿತು. ಎಸ್‌ಎಂಪಿಎಸ್ ಬದಲಿಸಿದರು, ಪ್ರೊಸೆಸರ್ ಎತ್ತಿ ಒರೆಸಿ ಇಟ್ಟರು, ಕೇಬಲ್‌ಗಳನ್ನು ಕಳಚಿ ಹಾಕಿದರು. ಮಧ್ಯಾಹ್ನದ ಊಟ ಬಿಟ್ಟರು. ಸಂಜೆ ರೈಲಿನ ಹೊತ್ತಿಗೆ ಆ ರ್‍ಯಾಮನ್ನು ಬೆಳಕಿಗೆ ಹಿಡಿದು ನೋಡಿ, ನಡುವೆ ಒಂದು ಹೆಚ್ಚಿನ ಚಿಪ್ ಇದ್ದದ್ದನ್ನು ಕಂಡು ಜೋರಾಗಿ ನಕ್ಕರು. ದೊಡ್ಡ ಸರ್ವರ್‌ಗಳ ರ್‍ಯಾಮ್ ಆ ಚಿಪ್ಪಿನ ಮೂಲಕ ಮಾತಾಡುತ್ತದೆ. ಸಾಮಾನ್ಯ ಬೋರ್ಡಿಗೆ ಆ ಭಾಷೆ ಬಾರದು.

"ಪಾರು ಮ್ಮಾ, ನೋಡು, ಎಷ್ಟು ಚಂದ ಕೂತ್ಕೊಂಡಿದೆ! ಕೂತ್ಕೊಳ್ತದೆ, ಮಾತಾಡಲ್ಲ" ಎಂದರು.

ಸ್ಲಾಟಿಗೆ ಹಿಡಿಸುವುದು ಬೇರೆ, ಹೊಂದುವುದು ಬೇರೆ ಎಂದು ನಾನು ಕಲಿತದ್ದು ಆ ನಗುವಿನಿಂದ. ಮೇಲಿನವರು ತಮ್ಮ ತಪ್ಪಿಗೆ ತಾವೇ ನಗುವಂಥವರು ಸಿಕ್ಕರೆ ಅವರನ್ನು ಬಿಡಬೇಡಿ. ಸೆಲ್ವಂ ಸಾರ್ ತೀರಿಕೊಳ್ಳುವವರೆಗೆ ನಾನು ಅವರನ್ನು ಬಿಡಲಿಲ್ಲ. ಆಮೇಲೆ ಆ ಅಂಗಡಿಯನ್ನು ನಾನೇ ನಡೆಸಿದೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಸುಟ್ಟ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದೆವು. ಅಂಗಡಿಯ ತುಂಬ ಸೀಸ ಕರಗಿದ ವಾಸನೆ. ಆಮೇಲೆ ಕೆಟ್ಟದ್ದನ್ನು ತೆಗೆದು ಹೊಸದು ಹಾಕುವುದಷ್ಟೇ ಕೆಲಸವಾಯಿತು. ಅದಾದ ಮೇಲೆ ಎಲ್ಲವೂ ಫೋನಿನೊಳಗೆ ಹೋಯಿತು, ಅಂಗಡಿಗೆ ಬರುವವರೇ ಕಡಿಮೆಯಾದರು. ಕೆಲವು ವರ್ಷಗಳ ನಂತರ ಅದೇ ಜನ ಫೋನು ಹಿಡಿದುಕೊಂಡು ಬಂದರು. ಫೋನು ತುಂಬಿ ಹೋಗಿದೆ, ಮನೆಯಲ್ಲೇ ಎಲ್ಲವನ್ನೂ ಇಡುವ ಒಂದು ಪೆಟ್ಟಿಗೆ ಬೇಕು, ಮನೆಯವರೆಲ್ಲ ಅವರವರ ಫೋನಿನಿಂದಲೇ ತೆಗೆದು ನೋಡುವಂತಿರಬೇಕು. ಸ್ಟೋರೇಜ್ ಸರ್ವರ್ ಎಂಬ ಹೆಸರು ಅವರಿಗೆ ಬೇಕಿರಲಿಲ್ಲ. ಪೆಟ್ಟಿಗೆ ಎನ್ನುತ್ತಿದ್ದರು. ನನಗೂ ಅದೇ ಹೆಸರು ರೂಢಿಯಾಯಿತು.

ವೆಂಕಟೇಶ ಬಂದದ್ದು ನಾನು ಅಂಗಡಿ ಮುಚ್ಚುವ ಹಿಂದಿನ ವರ್ಷ. ಬೇತಮಂಗಲದವನು. ದಿನಾ ರೈಲಿನಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಗೋದಾಮಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗಿ ಬರುತ್ತಿದ್ದ. ಆವತ್ತು ಸಂಜೆ ರೈಲಿಳಿದವನು ಹೆಗಲ ಮೇಲಿನ ಗೋಣಿಚೀಲವನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಳಿಸಿದ. ಒಳಗೆ ಯಾವುದೋ ಆಫೀಸು ಖಾಲಿ ಮಾಡುವಾಗ ಸಿಕ್ಕ ಹಳೆಯ ಕ್ಯಾಬಿನೆಟ್ಟು, ಬೋರ್ಡು, ಜೊತೆಗೆ ಅಂಗಡಿಯಿಂದ ಕೊಂಡ ಎರಡು ಹೊಸ ಡಿಸ್ಕು.

"ಅಕ್ಕಾ, ನಮ್ಮಮ್ಮನ ಪದಗೋಳು ಇಕ್ಕೋಕೆ ಒಂದು ಪೆಟ್ಟಿಗೆ ಮಾಡಿಕೊಡಬೇಕು."

"ನಿಮ್ಮಮ್ಮ ಪದ ಹಾಡ್ತಾರಾ?"

"ಆಡ್ತಾವ್ಳೆ. ಇನ್ನೆಷ್ಟು ದಿನವೋ" ಎಂದು ಚೀಲದ ಬಾಯಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತ.

ಅವನ ತಾಯಿ ಮುನಿಯಮ್ಮನ ಗಂಟಲಲ್ಲಿ ಗಡ್ಡೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಗೆ ಬರಬೇಕಾದ ದಿನವನ್ನೂ ಹೇಳಿದ್ದರು. ಆದರೆ ಆಕೆ ಒಪ್ಪುತ್ತಿರಲಿಲ್ಲ.

ಆ ಭಾನುವಾರ ನಾನು ಬೇತಮಂಗಲದ ಬಸ್ಸು ಹತ್ತಿದೆ. ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಒಂದು ಕೊಕ್ಕರೆ ಎರಡರ ನಡುವೆ ತೂಗುಹಾಕಿದಂತೆ ನಿಂತಿತ್ತು. ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ವೆಂಕಟೇಶನ ಹೆಂಡತಿ ರತ್ನಮ್ಮ ಹಾಲು ಕರೆಯುತ್ತಿದ್ದಳು. ಜಗುಲಿಯ ಮೇಲೆ ಕೂತಿದ್ದ ಮುನಿಯಮ್ಮ ನನ್ನನ್ನು ನೋಡಿ, ಒಡೆದ ದನಿಯಲ್ಲಿ, "ಬಾರಮ್ಮಾ, ನೀನೇನಾ ಪೆಟ್ಟಿಗೆ ಮಾಡೋ ಅಮ್ಮಯ್ಯ?" ಎಂದರು.

ರತ್ನಮ್ಮ ಕೈ ಒರೆಸಿಕೊಂಡು ಬಂದು ಫೋನಿನಲ್ಲಿ ಒಂದೊಂದೇ ಪದ ಹಾಕಿದಳು. ಸೋಬಾನೆ, ಬೀಸುವ ಪದ, ನಾಟಿ ಪದ, ನಡುನಡುವೆ ತೆಲುಗಿನವು. ಅವಳು ಕೆಲಸದ ಮಧ್ಯೆಯೇ ಹಿಡಿದುಕೊಂಡವು ಅವು. ಹಾಡಿನ ಹಿಂದೆ ಬಕೆಟ್ಟಿಗೆ ಹಾಲು ಬೀಳುವ ಸದ್ದು, ಕರುವಿನ ಗಂಟೆ, ಯಾರೋ ಮುನಿಯಮ್ಮನನ್ನು ಕೂಗುವುದು, ಹಾಡು ನಿಲ್ಲಿಸದೆಯೇ ಆಕೆ ಕೈ ತಟ್ಟಿ ಸುಮ್ಮನಿರಿಸುವುದು. ಕಣ್ಣು ಮುಚ್ಚಿ ಕೇಳಿದರೆ ನಾನೇ ಯಾವುದೋ ಹಳೆಯ ಬೆಳಗಿನೊಳಗೆ ಕೂತ ಹಾಗಾಯಿತು.

"ನನ್ನ ದನಿ ಕುಯ್ದು ಬಿಸಾಕ್ತಾರಂತೆ" ಎಂದರು ಮುನಿಯಮ್ಮ. "ಬಿಸಾಕಲಿ. ಅದಕ್ಕೆ ಮುಂಚೆ ಅದನ್ನ ಎಲ್ಲಿ ಇಕ್ಕುತೀರೋ ನಂಗೆ ತೋರ್ಸಿ. ಕಣ್ಣಾರೆ ನೋಡ್ದೆ ನಾನು ಬರಾಕಿಲ್ಲ."

"ಫೋನ್‌ನಾಗೆ ಐತಲ್ಲಮ್ಮಾ" ಎಂದ ಮಗ.

"ಓದ ವರ್ಸ ನಿನ್ನ ಫೋನು ಕಾಲುವೇಗೆ ಬಿತ್ತಲ್ಲ. ಅದ್ರಾಗಿದ್ದ ತೊಟ್ಟಿಲು ಪದ ಎಲ್ಲೈತೆ? ತೆಗೀಲಾ ನೋಡಾಣ."

ಅವನು ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡ.

ಬಸ್ ಸ್ಟಾಪಿನವರೆಗೂ ನನ್ನ ಜೊತೆ ಬಂದ ವೆಂಕಟೇಶ, ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು ಹೇಳಿದ: "ಅಕ್ಕಾ, ಏನೋ ಒಂದು ಲೈಟು ಉರಿಯೋ ಅಂಗೆ ಮಾಡಿ ತೋರ್ಸಿಬುಡಿ. ಅವ್ಳು ಆಸ್ಪತ್ರೆಗೆ ಬಂದ್ರೆ ಸಾಕು. ಸರಿಯಾಗಿ ಮಾಡೋದು ಆಮೇಲೆ ನೋಡ್ಕೊಳ್ಳಾಣ."

ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಾಯಿ ಉಳಿಯಲಿ ಎಂಬ ಮಗನ ಮಾತು ಅದು. ಲೈಟು ಉರಿಸುವುದು ಒಂದು ಗಂಟೆಯ ಕೆಲಸ. ಬಸ್ಸಿನಲ್ಲಿ ಕೂತು ಕೆರೆಯನ್ನೇ ನೋಡುತ್ತಿದ್ದೆ. ಆಪರೇಷನ್ ಮುಗಿಸಿ ಬಂದ ಆ ಹೆಂಗಸು ಒಂದು ದಿನ ಪೆಟ್ಟಿಗೆಯ ಮುಂದೆ ಕೂತು, ಪದ ಬಾರದೆ, ಬಾಯಿಬಿಟ್ಟು ಕೇಳಲೂ ಆಗದೆ ನನ್ನ ಮುಖ ನೋಡುವುದು ಕಣ್ಣಿಗೆ ಕಟ್ಟಿತು. ಮಂಜು ಕರಗಿ ನೀರಿನ ಅಂಚು ಕಾಣುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು.

ಮರುದಿನ ಟವೆಲ್ ಹಾಸಿ ಅವನು ತಂದದ್ದನ್ನೆಲ್ಲ ಸಾಲಾಗಿಟ್ಟು ಕೂತೆ. ಬೋರ್ಡು ಚೆನ್ನಾಗಿತ್ತು. ಕೈಪಿಡಿ ಹುಡುಕಿ ಓದಿದಾಗ ಒಂದು ವಿಷಯ ತಿಳಿಯಿತು. ಪ್ರೊಸೆಸರ್ ಪಕ್ಕದ ಸ್ಲಾಟಿನಲ್ಲಿ ಚಪ್ಪಟೆ ಡಿಸ್ಕ್ ಹಾಕಿದರೆ, ದೊಡ್ಡ ಡಿಸ್ಕಿನ ಒಂದು ಪೋರ್ಟು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ಸ್ಲಾಟನ್ನು ಖಾಲಿ ಬಿಟ್ಟೆ. ಕೈಪಿಡಿ ಓದುವುದು ಬೇಸರದ ಕೆಲಸ, ಆದರೂ ಓದಿ. ತೊಡಕು ಇದ್ದದ್ದು ಡಿಸ್ಕುಗಳಲ್ಲಿ. ಕೆಲವು ಡಿಸ್ಕುಗಳು ಹೆಂಚು ಹೊದಿಸಿದ ಹಾಗೆ ಬರೆದುಕೊಳ್ಳುತ್ತವೆ, ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಿ ಮತ್ತೆ ಹೊದಿಸಬೇಕು. ಅವನು ತಂದವು ಆ ಜಾತಿಯವು. ಸುಮ್ಮನೆ ತುಂಬಿಟ್ಟು ಮರೆಯಲು ಅವು ಸಾಕು. ಎರಡು ಡಿಸ್ಕುಗಳು ಒಂದನ್ನೊಂದು ನೋಡಿ ಸದಾ ಒಂದೇ ಸಮನಾಗಿರಬೇಕಾದ ಪೆಟ್ಟಿಗೆಯಲ್ಲಿ, ಒಂದು ಕೆಟ್ಟು ಹೊಸದಕ್ಕೆ ಎಲ್ಲವನ್ನೂ ತುಂಬಿಸುವಾಗ ಅವು ಏದುಸಿರು ಬಿಡುತ್ತವೆ, ಕೆಲವೊಮ್ಮೆ ಅರ್ಧದಲ್ಲೇ ಕೈಬಿಡುತ್ತವೆ.

"ಸೀಲು ಕೂಡ ಒಡೆದಿಲ್ಲ ಅಕ್ಕಾ! ಎಷ್ಟು ಆಸೆಯಿಂದ ತಂದೆ" ಎಂದ ವೆಂಕಟೇಶ, ಸಂಜೆ ಬಂದವನಿಗೆ ಇದನ್ನು ಹೇಳಿದಾಗ. ಅವನ ಮುಖ ಸಣ್ಣದಾಯಿತು.

"ಡಿಸ್ಕ್ ಕೆಟ್ಟದ್ದಲ್ಲಪ್ಪಾ. ಈ ಮನೆಗೆ ಹೊಂದುವ ಸೊಸೆ ಅಲ್ಲ ಅಷ್ಟೇ."

ಅದಕ್ಕೆ ಅವನಿಗೆ ನಗು ಬಂತು. ಸೀಲು ಒಡೆಯದ್ದರಿಂದ ತಂದಲ್ಲಿಗೇ ಕೊಂಡುಹೋಗಿ, ದೊಡ್ಡ ಸರ್ವರ್‌ಗಳಲ್ಲಿ ಹಗಲಿರುಳು ಓಡುವ ಜಾತಿಯ ಡಿಸ್ಕುಗಳಿಗೆ ಬದಲಿಸಿ ತಂದ. ಅಷ್ಟರಲ್ಲಿ ನಾನು ಕ್ಯಾಬಿನೆಟ್ಟಿನ ಧೂಳು ತೆಗೆದು, ಫ್ಯಾನ್ ಹೊಸದು ಹಾಕಿ, ಅವರ ಮನೆಯ ಗೋಡೆಯ ಹಲಗೆಯ ಮೇಲೆ ಅದನ್ನು ಕೂರಿಸಿ ಬಂದಿದ್ದೆ. ರೌಟರ್‌ನಿಂದ ಲ್ಯಾನ್ ಕೇಬಲ್ ಎಳೆದಿದ್ದೆ. ಕರೆಂಟು ಹೋದರೆ ಪೆಟ್ಟಿಗೆ ತಾನೇ ನಿಧಾನವಾಗಿ ಮಲಗುವಂತೆ ಯುಪಿಎಸ್ ಇಟ್ಟಿದ್ದೆ. ಹೊಸ ಡಿಸ್ಕುಗಳನ್ನು ಅಂಗಡಿಯಲ್ಲೇ, ತನ್ನದೇ ಕರೆಂಟಿನಲ್ಲಿ ನಡೆಯುವ ಯುಎಸ್‌ಬಿ ಡಾಕ್‌ಗೆ ಸಿಕ್ಕಿಸಿ ಪರೀಕ್ಷೆ ಮಾಡಿದೆ. ಎರಡೂ ಸಣ್ಣ ದನಿಯಲ್ಲಿ ಗುನುಗುತ್ತ ತಿರುಗಿದವು.

ಅವನ್ನು ತೆಗೆದುಕೊಂಡು ಹೋದ ದಿನ ಮುನಿಯಮ್ಮ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಹಲಗೆಯ ಎದುರು ಚಾಪೆ ಹಾಕಿಕೊಂಡು ಕೂತಿದ್ದರು. ಡಿಸ್ಕುಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಬೋರ್ಡಿನ ಲೈಟು ಬಂತು. ಡಿಸ್ಕುಗಳು ಮಾತ್ರ ಅಲ್ಲಾಡಲಿಲ್ಲ. ಕೈ ಇಟ್ಟು ನೋಡಿದೆ. ಕಲ್ಲಿನ ಹಾಗೆ ತಣ್ಣಗೆ, ಸುಮ್ಮನೆ.

ಆರಿಸಿದೆ. ಮತ್ತೆ ಹಚ್ಚಿದೆ. ಮತ್ತೆ ಅದೇ.

"ನೋಡ್ದಾ?" ಎಂದರು ಮುನಿಯಮ್ಮ, ಯಾರ ಮೇಲೂ ಕೋಪವಿಲ್ಲದೆ. "ನನ್ನಂಗೇ ಅದಕ್ಕೂ ದನಿ ಕಟ್ಕೊಂಡೈತೆ." ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ವೆಂಕಟೇಶ ಬಾಗಿಲ ಹೊರಗೆ ಹೋಗಿ ನಿಂತ. ರತ್ನಮ್ಮ ನನಗೆ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ನಾನು ಆ ಲೋಟ ಹಿಡಿದುಕೊಂಡು ಸೆಲ್ವಂ ಸಾರ್ ಕೂರುತ್ತಿದ್ದ ಹಾಗೆ ಕೂತೆ. ಕಿಟಕಿಯ ಬೆಳಕಿನಲ್ಲಿ ಧೂಳಿನ ಕಣಗಳು ಮೇಲೆ ಕೆಳಗೆ ಆಡುತ್ತಿದ್ದವು. ಅಂಗಡಿಯಲ್ಲಿ ಹಾಡಿದವು ಇಲ್ಲೇಕೆ ಹಾಡುತ್ತಿಲ್ಲ? ಅದೇ ಡಿಸ್ಕು. ಬೋರ್ಡಿನ ಮಾತು ಆಮೇಲೆ, ಅವು ತಿರುಗುತ್ತಲೇ ಇಲ್ಲ. ಬೇರೆಯಾದದ್ದು ಕರೆಂಟು ತರುವ ವೈರು ಒಂದೇ.

ಆಗ ಹೊಳೆಯಿತು. ಈ ಜಾತಿಯ ಡಿಸ್ಕುಗಳ ಪ್ಲಗ್ಗಿನಲ್ಲಿ ಒಂದು ಪಿನ್ನು ಬೇರೆಯೇ ಕೆಲಸಕ್ಕಿರುತ್ತದೆ. ಅದಕ್ಕೆ ಕರೆಂಟು ಬಂದರೆ 'ಮಲಗು' ಎಂದು ಅರ್ಥ. ದೊಡ್ಡ ಸರ್ವರ್‌ಗಳಲ್ಲಿ ದೂರದಿಂದಲೇ ಡಿಸ್ಕು ಆರಿಸಲು ಮಾಡಿಕೊಂಡ ಏರ್ಪಾಡು ಅದು. ಕ್ಯಾಬಿನೆಟ್ಟಿನೊಳಗಿದ್ದ ಹಳೆಯ ಎಸ್‌ಎಂಪಿಎಸ್‌ಗೆ ಅದೆಲ್ಲ ಗೊತ್ತಿಲ್ಲ, ಅದು ತನ್ನ ಕಾಲದ ಪದ್ಧತಿಯಂತೆ ಆ ಪಿನ್ನಿಗೂ ಸದಾ ಕರೆಂಟು ಕೊಡುತ್ತದೆ. ಡಿಸ್ಕುಗಳು ಕೆಟ್ಟಿರಲಿಲ್ಲ. ಮಲಗು ಎಂದದ್ದಕ್ಕೆ ಮಲಗಿದ್ದವು.

"ವೆಂಕಟೇಶಾ, ಬೆಳಿಗ್ಗೆ ಬರ್ತೀನಿ. ಒಂದು ವೈರು ಬೇಕು, ಅಷ್ಟೇ" ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಹಳೆಯ ಕಾಲದ ನಾಲ್ಕು ಪಿನ್ನಿನ ಕರೆಂಟು ಪ್ಲಗ್ಗಿನಲ್ಲಿ ಆ ಹೆಚ್ಚಿನ ಕರೆಂಟೇ ಇರುವುದಿಲ್ಲ. ಅದರಿಂದ ಡಿಸ್ಕಿಗೆ ಕೊಡುವ ಜೋಡುವೈರು ನನ್ನ ಅಂಗಡಿಯ ಡಬ್ಬಿಯಲ್ಲಿ ಬೇಕಾದಷ್ಟಿದ್ದವು. ಅದರಲ್ಲೂ ಪ್ಲಾಸ್ಟಿಕ್ಕನ್ನು ಒಟ್ಟಿಗೆ ಅಚ್ಚು ಹೊಯ್ದವನ್ನು ಪಕ್ಕಕ್ಕಿಟ್ಟೆ. ಅವು ಒಳಗೇ ಒಂದಕ್ಕೊಂದು ತಾಗಿ ಸುಟ್ಟದ್ದನ್ನು ನೋಡಿದ್ದೇನೆ. ಪ್ರತಿ ವೈರನ್ನೂ ಬೇರೆ ಬೇರೆಯಾಗಿ ಒತ್ತಿ ಕೂರಿಸಿದ್ದನ್ನು ಆರಿಸಿಕೊಂಡೆ.

ಮರುದಿನ ಬೆಳಿಗ್ಗೆ ಮುನಿಯಮ್ಮ ಚಾಪೆಯ ಮೇಲೆ ಬರಲಿಲ್ಲ. ನಾನು ವೈರು ಬದಲಿಸಿ ಸ್ವಿಚ್ ಒತ್ತಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಸಣ್ಣಗೆ, ದೂರದಲ್ಲಿ ಯಾರೋ ರಾಗಿ ಬೀಸತೊಡಗಿದ ಹಾಗೆ, ಎರಡೂ ಡಿಸ್ಕು ತಿರುಗಿದವು. ರತ್ನಮ್ಮನ ಫೋನಿನಿಂದ ಪದಗಳೆಲ್ಲ ಪೆಟ್ಟಿಗೆಗೆ ಇಳಿಯುವವರೆಗೆ ನಾವು ಮೂವರೂ ಕೊಟ್ಟಿಗೆಯ ನೆರಳಲ್ಲಿ ಕೂತಿದ್ದೆವು. ಮುಗಿದ ಮೇಲೆ ಒಳಗೆ ಬಂದು ರತ್ನಮ್ಮ ಪೆಟ್ಟಿಗೆಯಿಂದ ನಾಟಿ ಪದ ತೆಗೆದು ಸ್ಪೀಕರಿನಲ್ಲಿ ಹಾಕಿದಳು. ಒಳಕೋಣೆಯ ಬಾಗಿಲಲ್ಲಿ ಮುನಿಯಮ್ಮ ಬಂದು ನಿಂತರು.

"ಇದ್ರಾಗಿಂದ ಬತ್ತಾ ಐತಾ?"

"ಹೌದಮ್ಮಾ. ಎರಡು ಡಿಸ್ಕ್ ಇದೆ. ಎರಡರಲ್ಲೂ ಅದೇ ಪದ."

"ಒಂದು ಸತ್ರೆ?"

"ಇನ್ನೊಂದು ಹಾಡ್ತದೆ."

ಅವರು ಪೆಟ್ಟಿಗೆಯ ಹತ್ತಿರ ಬಂದರು. "ನಾನು ಉಸಿರು ತಕ್ಕೊಳ್ಳೋವಾಗ ಜೊತೇಲಿ ಆಡ್ತಿದ್ದ ಎಂಗಟಮ್ಮ ಪದ ಎತ್ಕೊಂತಿದ್ಲು. ಕೇಳೋರ್ಗೆ ನಿಂತಿದ್ದೇ ತಿಳೀತಿರಲಿಲ್ಲ. ಅಂಗಾ?"

"ಹಾಗೇ ಅಮ್ಮಾ."

"ಬಾಯಲ್ಲಿ ಯೋಳ್ಬೇಡ. ತೋರ್ಸು."

ಓಡುತ್ತಿರುವಾಗಲೇ ಡಿಸ್ಕು ಕಳಚಲು ಆ ಬೋರ್ಡಿನಲ್ಲಿ ಅವಕಾಶವಿತ್ತು, ಅದನ್ನು ಮೊದಲೇ ನೋಡಿ ಇಟ್ಟುಕೊಂಡಿದ್ದೆ. ಅವರ ಕೈ ಹಿಡಿದು ಒಂದು ಡಿಸ್ಕಿನ ವೈರಿನ ಮೇಲೆ ಇಟ್ಟೆ. ಎಳೆಯಿರಿ ಎಂದೆ. ವೆಂಕಟೇಶ "ಬ್ಯಾಡಕ್ಕಾ" ಎನ್ನುವಷ್ಟರಲ್ಲಿ ಅವರು ಎಳೆದೇಬಿಟ್ಟರು. ಒಂದು ಡಿಸ್ಕು ನಿಟ್ಟುಸಿರಿನಂತೆ ಸದ್ದು ಮಾಡಿ ನಿಂತಿತು. ಪದ ನಿಲ್ಲಲಿಲ್ಲ. ಒಂದು ಅಕ್ಷರವೂ ತಪ್ಪದೆ, ಗದ್ದೆಯ ಕೆಸರಿನಲ್ಲಿ ಸಾಲುಸಾಲಾಗಿ ಹಿಂದೆ ಹೆಜ್ಜೆ ಇಡುವ ಹೆಂಗಸರ ಆ ಪದ ಮುಂದುವರಿಯಿತು.

ಮುನಿಯಮ್ಮ ವೈರು ಕೈಯಲ್ಲಿ ಹಿಡಿದುಕೊಂಡೇ ಕೊನೆಯವರೆಗೂ ಕೇಳಿದರು. ಆಮೇಲೆ ಮಗನ ಕಡೆ ತಿರುಗಿ, "ಯಾವತ್ತು ಓಗ್ಬೇಕಲಾ?" ಎಂದರು.

ಆಸ್ಪತ್ರೆಗೆ ಹೋಗುವವರೆಗಿನ ದಿನಗಳಲ್ಲಿ ಅವರು ಉಳಿದ ಪದಗಳನ್ನೆಲ್ಲ ಹಾಡಿದರು. ಕಾಲುವೆಗೆ ಬಿದ್ದ ಫೋನಿನ ತೊಟ್ಟಿಲು ಪದವನ್ನು ಎರಡು ಸಲ ಹಾಡಿದರು. ದನಿ ಒಡೆಯುತ್ತಿತ್ತು, ಕೆಮ್ಮು ಬರುತ್ತಿತ್ತು. ರತ್ನಮ್ಮ ಬಿಸಿನೀರು ಕೊಟ್ಟು ಕಾಯುತ್ತಿದ್ದಳು. ಒಂದು ಸಂಜೆ ನಾನೂ ಹೋಗಿದ್ದೆ. ಬೀದಿಯ ಹೆಂಗಸರು ಜಗುಲಿಯ ಸುತ್ತ ಕೂತಿದ್ದರು. ಕೆರೆಯ ಮೇಲಿನ ಬೆಳಕು ಕೆಂಪಾಗಿ, ಆಮೇಲೆ ಬೂದುಬಣ್ಣವಾಗಿ, ಯಾರ ಮುಖವೂ ಸ್ಪಷ್ಟವಾಗಿ ಕಾಣದಂತಾಯಿತು. ಆ ಒಡೆದ ದನಿ ಒಬ್ಬರದು ಎನಿಸದೆ, ಕೂತವರೆಲ್ಲರ ನಡುವಿನಿಂದ ಹೊಗೆಯ ಹಾಗೆ ಏಳುತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಮುನಿಯಮ್ಮ ಉಳಿದರು. ದನಿ ಹೋಯಿತು.

ಕೆಲವು ತಿಂಗಳ ನಂತರ ಪೆಟ್ಟಿಗೆಯ ಧೂಳು ತೆಗೆಯಲು ಹೋದೆ. ವರ್ಷಕ್ಕೊಮ್ಮೆಯಾದರೂ ತೆಗೆಯಬೇಕು. ಹುಲ್ಲು, ತೌಡು ಇರುವ ಮನೆಗಳಲ್ಲಿ ಇನ್ನೂ ಬೇಗ. ಒಳಗೆ ಹೋಗುವ ಮುಂಚೆಯೇ ಬೀಸುವ ಪದ ಕೇಳಿತು. ಪೆಟ್ಟಿಗೆಯ ದನಿ ಎಂದುಕೊಂಡೆ. ಆದರೆ ಸಾಲಿನ ನಡುವೆ ಅದು ತಡವರಿಸಿತು, ರಾಗ ಜಾರಿತು. ಬಾಗಿಲಲ್ಲಿ ನಿಂತು ನೋಡಿದರೆ ಹಾಡುತ್ತಿದ್ದವಳು ರತ್ನಮ್ಮ. ಅದುವರೆಗೂ ಅವಳು ಒಂದು ಸಾಲನ್ನೂ ಗಟ್ಟಿಯಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಎದುರಿಗೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಮುನಿಯಮ್ಮ ಕೂತು, ಅಂಗೈಯಿಂದ ನೆಲದ ಮೇಲೆ ತಾಳ ಹಾಕುತ್ತಿದ್ದರು. ರಾಗ ಜಾರಿದ ಕಡೆ ಸೊಸೆಯ ಮಂಡಿಗೆ ಒಂದು ಏಟು ಕೊಟ್ಟು, ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ರತ್ನಮ್ಮ ಫೋನೊತ್ತಿ ಅತ್ತೆಯ ಹಳೆಯ ದನಿಯನ್ನು ಕೇಳಿದಳು. ನಕ್ಕಳು. ಮತ್ತೆ ಮೊದಲಿನಿಂದ ಹಿಡಿದಳು.

ನನ್ನ ಕೆಲಸ ಬೇಗ ಮುಗಿಯಿತು. ಬಸ್ಸು ಬಂದು ಹೋದ ಸದ್ದು ಕೇಳಿಸಿತು, ನಾನು ಏಳಲಿಲ್ಲ. ಈ ಸಲ ರತ್ನಮ್ಮ ಎಲ್ಲೂ ಜಾರದೆ ಹಾಡಿ ಮುಗಿಸಿದಳು. ಮುನಿಯಮ್ಮ ನನ್ನ ತೋಳು ಮುಟ್ಟಿದರು. ಸೊಸೆಯ ಬಾಯಿಯ ಕಡೆ ಕೈ ತೋರಿಸಿ, ಪೆಟ್ಟಿಗೆಯ ಕಡೆ ತೋರಿಸಿ, ಅಂಗೈ ಅಗಲಿಸಿ ಹುಬ್ಬೇರಿಸಿದರು.

"ಜಾಗ ಐತಾ ಅಂತ ಕೇಳ್ತಾವ್ರೆ ಅಕ್ಕಾ, ನನ್ನ ದನಿಗೂ" ಎಂದಳು ರತ್ನಮ್ಮ, ನಾಚಿಕೊಂಡು.

"ಬೇಕಾದಷ್ಟು ಐತೆ ಅಮ್ಮಾ" ಎಂದೆ.

ಮುನಿಯಮ್ಮ ಫೋನನ್ನು ಎತ್ತಿ ಸೊಸೆಯ ಬಾಯಿಗೆ ಹಿಡಿದರು.